ಯಾರ ಮಾತೂ ಕೇಳದ ಗರಗಸ

ಒಂದೂರಲ್ಲಿ ಕಲ್ಲು ಕೊಯ್ಯುವ ಗರಗಸವೊಂದಿತ್ತಂತೆ, ಯಾರು ಕೂಗಿದರೂ ಅದು ನಿಲ್ಲುತ್ತಿರಲಿಲ್ಲವಂತೆ. ಮಣಿಪಾಲದ ಬಸ್ ನಿಲ್ದಾಣದಲ್ಲಿ ಬಸ್ ಕಾಯುತ್ತಿದ್ದ ಆನ್ಸಿಲ್ಲಾ ಎಂಬವಳ ಕಿವಿಗೆ ಬಿದ್ದದ್ದು ಅದರದೇ ಕತೆ. ಜೋಯಲ್ ಎಂಬವನು ಆ ಗರಗಸಕ್ಕೆ ಪ್ರೋಗ್ರಾಂ ಬರೆದ, ಲ್ಯಾಪ್‌ಟಾಪ್ ಹಿಡಿದ ಝಾಕಿರನನ್ನು ಕಂಬಕ್ಕೆ ಒತ್ತಿ ಹಿಡಿದಿದ್ದ.

“ಅಪ್ಪ ಸ್ಟಾಪ್ ಬಟನ್ ಒತ್ತಿದ್ದರು! ನಿನ್ನ ಪ್ರೋಗ್ರಾಂ ನಿಲ್ಲಲಿಲ್ಲ, ಎರಡು ಬೆರಳು ಹೋಯ್ತು!”

“ಗರಗಸ ಓಡಿಸುವ ಕರ್ನಲ್ ಲೂಪ್ ಪ್ರತಿ ಸುತ್ತಿಗೂ ‘ಬೇರೆ ಕೆಲಸ ಉಂಟಾ, ಬಟನ್ ಒತ್ತಿದರಾ’ ಅಂತ ಕೇಳಿ ನಿಧಾನ ಆಗ್ತಿತ್ತು. ಕೇಳುವುದನ್ನೇ ತೆಗೆದೆ.”

“ನಿನ್ನ ಕೈ ಮುರೀತೇನೆ!”

“ಮುರಿದರೆ ಟೈಪ್ ಯಾರು ಮಾಡುವುದು ಮಾರಾಯ?”

“ನಾಳೆ ನನ್ನ ತಮ್ಮ ಅದೇ ಗರಗಸದ ಕೆಲಸಕ್ಕೆ ನಿಲ್ತಾನೆ. ಬಸ್ ಬರುವ ಮೊದಲು ಸರಿ ಮಾಡ್ತೇನೆ ಅಂದಿದ್ದಿ.”

“ನೂರು ಸುತ್ತಿಗೊಮ್ಮೆ ಕೇಳಿದರೆ ಸಾಕು. ವೇಗವೂ ಉಳೀತದೆ, ಬಟನ್ನೂ ಕೇಳ್ತದೆ.”

ಝಾಕಿರ್ ಟೈಪಿಸಿ, ಪರದೆಯಲ್ಲಿ ಗರಗಸದ ಮಾದರಿಯೊಂದನ್ನು ಓಡಿಸಿದ.

“ಎಂತ, ಆಯ್ತಾ?”

“ನೀನೇ ಒತ್ತಿ ನೋಡು.”

ಜೋಯಲ್ ಸ್ಟಾಪ್ ಕೀಲಿಯನ್ನು ಗುದ್ದಿದಂತೆ ಒತ್ತಿದ. ಪರದೆಯ ಮೇಲೆ ತಿರುಗುತ್ತಿದ್ದ ಗರಗಸ ತಟ್ಟನೆ ನಿಂತಿತು. ಕಾರ್ಕಳದ ಬಸ್ ಬಂತು, ಹೊಸ ಪ್ರೋಗ್ರಾಂ ಗರಗಸಕ್ಕೆ ಹಾಕಲು ಇಬ್ಬರೂ ಹತ್ತಿದರು.