ಕೊಟ್ರೇಶನ ಮೈಲೇಜು

ಬೆಳಿಗ್ಗೆ ಪೋತ್ನಾಳದ ಬಸ್ ನಿಲ್ದಾಣದಲ್ಲಿ ಮನಸ್ಸಿನಲ್ಲೇ ವಚನ ಹೇಳಿಕೊಳ್ಳುತ್ತ ಸಿಂಧನೂರು ಬಸ್ಸಿಗೆ ಕಾಯುತ್ತಿದ್ದೆ. ಕರಿ ಹೊಗೆ ಬಿಡುತ್ತ ಒಂದು ಪಿಕಪ್ ಬಂದು ನಿಂತಿತು. ನನ್ನ ಪಕ್ಕದಲ್ಲಿ ಹತ್ತಿ ಬಿಡಿಸಲು ಹೊರಟ ಹೆಂಗಸರು ಕುಳಿತಿದ್ದರು. ಅವರ ಮುಂದಾಳು ಸೂಗಮ್ಮ ಎದ್ದೇಳಲಿಲ್ಲ. ಗಾಡಿ ಓಡಿಸುವ ಕೊಟ್ರೇಶನೇ ಇಳಿದು ಬಂದ.

“ಹತ್ರಿ ಚಿಗವ್ವ, ಹೊತ್ತಾತು.”

“ನಿನ್ನ ಗಾಡಿ ಬ್ಯಾಡ. ಬಸ್ಸಿಗಿ ಹೋಗ್ತೀವಿ.”

“ಯಾಕ, ಏನಾತು?”

“ನಿನ್ನಿ ನಿನ್ನ ಗಾಡಿ ಇಳಿದ್ರ ಹೊಲದ ಗೌಡ ಕೇಳ್ದ, ಹತ್ತಿ ಬಿಡಿಸಾಕ ಬಂದೀರೋ, ಇದ್ದಲಿ ಸುಡಾಕ ಬಂದೀರೋ ಅಂತ. ಕೈ ತೊಳ್ಕೊಂಡ ಮ್ಯಾಲ ಹತ್ತಿ ಸಾಲಿನ್ಯಾಗ ಬಿಟ್ಟ.”

“ಸೈಲೆನ್ಸರಿನ ಒಳಗಿನ ಜಾಳಿಗಿ ತೆಗಿಸಿ ಪೈಪು ಗಿಡ್ಡ ಮಾಡಿಸೀನಿ, ಅದಕ್ಕ ಸ್ವಲ್ಪ ಹೊಗಿ. ಡೀಸೆಲ್ ಪಂಪಿನ ಸೆಟ್ಟಿಂಗೂ ಬದಲಿ ಮಾಡ್ಯಾನ ಮಿಸ್ತ್ರಿ. ಲೀಟರಿಗಿ ಎರಡು ಕಿಲೋಮೀಟರ್ ಜಾಸ್ತಿ ಬರಾಕತ್ತದ.”

“ಹೌದಪಾ. ಗಾಡಿ ಡೀಸೆಲ್ ಕುಡಿಯೋದು ಬಿಟ್ಟದ, ಈಗ ನಾವು ಕುಡ್ಯಾಕತ್ತೀವಿ.”

“ಹಿಂದ ತಾಡಪಾಲ ಕಟ್ತೀನಿ.”

“ಕಟ್ಟು. ಒಳಗ ಬಂದ ಹೊಗಿ ಹೊರಗ ಹೋಗದಂಗ ಆಗ್ತದ.”

“ನೀವು ಬರಲಿಲ್ಲಂದ್ರ ಈ ಸುಗ್ಗಿಗಿ ನನಗ ಬ್ಯಾರೆ ಬಾಡಿಗಿನ ಇಲ್ಲ, ಚಿಗವ್ವ.”

“ಹಳೀ ಸೈಲೆನ್ಸರ್ ಹಾಕಿಸ್ಕೊಂಡು ಬಾ, ಹತ್ತತೀವಿ.”

“ಅದನ್ನ ಗುಜರಿಗಿ ಹಾಕೀನಿ.”

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಷ್ಟರಲ್ಲಿ ಅವರ ದಾರಿಯ ಮಾನ್ವಿ ಬಸ್ಸು ಬಂತು. ಸೂಗಮ್ಮ ಬುತ್ತಿ ಗಂಟು ಎತ್ತಿಕೊಂಡು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಎಲ್ಲರನ್ನೂ ಮೊದಲು ಹತ್ತಿಸಿದಳು. ಕೊನೆಗೆ ತಾನು ಹತ್ತಿ, ಬಾಗಿಲಲ್ಲಿ ನಿಂತು ಹೇಳಿದಳು:

“ಖಾಲಿ ಗಾಡಿ ಓಡಿಸ್ಕೊಂಡು ಹೋಗಪಾ. ಮೈಲೇಜು ಇನ್ನೂ ಛಲೋ ಬರ್ತದ.”