ನಾನು ಇಳಿಸಿದ ಇಪ್ಪತ್ತೊಂದು ಕಿಲೋ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ, ನಮ್ಮ ಮಳವಳ್ಳಿ ಮುಂಜಾನೆ ನಡಿಗೆ ಬಳಗದ ಹಿರಿಯರಾದ ತಿರುನಾರಾಯಣ ಅವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಶುಭಾ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಬೆಳಗ್ಗೆ ಐದೂವರೆಗೆ ಮಂಕಿಟೋಪಿಯಲ್ಲಿ ಮಾತ್ರ ಗುರುತು ಸಿಗುವ, ಈಗ ಇಸ್ತ್ರಿ ಶರ್ಟು ಹಾಕಿಕೊಂಡು ಯಾರೋ ಬೇರೆಯವರಂತೆ ಕೂತಿರುವ ನನ್ನ ಗೆಳೆಯರೇ, ತಾಯಂದಿರೇ, ಸಭಿಕರೇ.

ಶಾಲು ಹೊದಿಸಿದ್ದೀರಿ. ಏಲಕ್ಕಿ ಹಾರ ಹಾಕಿದ್ದೀರಿ. ಹಣ್ಣಿನ ಬುಟ್ಟಿಯನ್ನಂತೂ ಇಬ್ಬರು ಹಿಡಿದುಕೊಂಡು ಬಂದಿರಿ. ತೂಕ ಇಳಿಸಿದವನ ಮೇಲೆ ಇಷ್ಟು ಹೊರೆ ಹಾಕಿದರೆ ಹೇಗೆ ಸ್ವಾಮಿ? 'ಇಳಿಸಿದ ತೂಕ ಮತ್ತೆ ಏರದಂತೆ ಹಾದಿ ತಪ್ಪದೆ ಇರುವುದು ಹೇಗೆ' ಎಂಬ ಬಗ್ಗೆ ಹತ್ತು ನಿಮಿಷ ಮಾತನಾಡಿ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ನಾಲ್ಕು ಹಾಳೆ ಬರೆದುಕೊಂಡೂ ಬಂದಿದ್ದೇನೆ.

ನಿಮಗೆಲ್ಲ ಗೊತ್ತಿರುವಂತೆ ಈ ಮರಿಸಿದ್ದಯ್ಯ ಹಲಗೂರಿನಲ್ಲಿ ಇಪ್ಪತ್ತೆಂಟು ವರ್ಷ ಪಿ.ಟಿ. ಮೇಷ್ಟ್ರು. ಮಕ್ಕಳು ಮೈದಾನ ಸುತ್ತುತ್ತಿದ್ದರು, ನಾನು ಬೇವಿನಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಸೀಟಿ ಊದುತ್ತಿದ್ದೆ. ರಿಟೈರಾದಾಗ ತೊಂಬತ್ತೇಳು ಕಿಲೋ ಇದ್ದೆ. ಇವತ್ತು ಎಪ್ಪತ್ತಾರು. ಮೂರು ವರ್ಷದಲ್ಲಿ ಇಪ್ಪತ್ತೊಂದು ಕಿಲೋ! ಹೇಗೆ ಸಾಧ್ಯವಾಯಿತು? ಬೆಳಗ್ಗೆ ಐದೂವರೆಗೆ ಕೆರೆ ಏರಿಯ ಮೇಲೆ ಆರು ಕಿಲೋಮೀಟರ್ ನಡಿಗೆ. ಬಂದ ತಕ್ಷಣ ಮೊಳಕೆ ಹುರುಳಿ. ಮಧ್ಯಾಹ್ನ ಎರಡು ಮುದ್ದೆಯ ಜಾಗದಲ್ಲಿ ಅರ್ಧ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ. ಒಗ್ಗರಣೆಗೆ ಒಂದೇ ಚಮಚ ಎಣ್ಣೆ. ನಮ್ಮ ಬಳಗದ 'ಹಿತಮಿತ ಅಡುಗೆ' ಪುಸ್ತಕದಲ್ಲಿ ಇವೆಲ್ಲ ನನ್ನ ಹೆಸರಿನಲ್ಲೇ ಅಚ್ಚಾಗಿವೆ.

ಸಭಿಕರೇ, ಒಂದು ಮಾತು ಕೇಳುತ್ತೇನೆ. ಆ ಹುರುಳಿಯನ್ನು ಎಷ್ಟು ಹೊತ್ತು ನೆನೆಹಾಕಬೇಕು? ನನಗೆ ಗೊತ್ತಿಲ್ಲ. ಬಟ್ಟೆಯಲ್ಲಿ ಕಟ್ಟಿಡುವವರು ಯಾರು? ನಾನಲ್ಲ. ಪುಸ್ತಕದಲ್ಲಿ ಒಂಬತ್ತು ಅಡುಗೆ ಬರೆದಿದ್ದೇನೆ, ಒಂದು ದಿನವೂ ಒಲೆ ಹಚ್ಚಿದವನಲ್ಲ. ಅಡುಗೆಮನೆಯ ಗೋಡೆಗೆ ಒರಗಿ ಕೂತು 'ಆಮೇಲೆ ಏನು ಹಾಕ್ತೀಯ?' ಎಂದು ಕೇಳಿ ಬರೆದುಕೊಂಡೆ. ಹೇಳಿದವಳು ನನ್ನ ಹೆಂಡತಿ ಚಲುವಮ್ಮ. ಅವಳ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಇದನ್ನು ಈ ಹಾಳೆಯಲ್ಲಿ ಬರೆದಿರಲಿಲ್ಲ. ಬಾಯಿಗೆ ಬಂತು. ಬಂದಮೇಲೆ ಪೂರ್ತಿ ಹೇಳಿಬಿಡುತ್ತೇನೆ, ಅಧ್ಯಕ್ಷರು ಮನ್ನಿಸಬೇಕು.

ನಡಿಗೆ ಶುರು ಮಾಡಿದ ಹೊಸದರಲ್ಲಿ ಅವಳೂ ಕೇಳಿದ್ದಳು. 'ನಾನೂ ಬತ್ತೀನಿ, ಮಂಡಿ ಹಿಡ್ಕತದೆ' ಎಂದಳು. ನಾನು ಏನೆಂದೆ? 'ನೀನು ಬಂದ್ರೆ ಕಾಳು ಬೇಯಿಸೋರು ಯಾರು? ಮನೆಗೆಲಸಕ್ಕಿಂತ ವ್ಯಾಯಾಮ ಬೇಕಾ ನಿಂಗೆ?' ಎಂದೆ. ವ್ಯಾಯಾಮ ಕಲಿಸಿ ಸಂಬಳ ತೆಗೆದುಕೊಂಡ ಮೇಷ್ಟ್ರು ಆಡಿದ ಮಾತು ಇದು. ಅವಳು ಮತ್ತೆ ಕೇಳಲಿಲ್ಲ.

ಹೋದ ವರ್ಷ ಇದೇ ವೇದಿಕೆ, ಇದೇ ಮೈಕು. ನಾನು ಒಂದು ಜೋಕು ಹೇಳಿದೆ, ನೆನಪಿದೆಯೇ? 'ನಮ್ಮ ಮನೆಯಲ್ಲಿ ನಾನು ಇಳಿಸ್ತಾ ಇದ್ದೀನಿ, ನಮ್ಮ ಹೋಂ ಮಿನಿಸ್ಟ್ರು ಏರಿಸ್ತಾ ಇದ್ದಾರೆ, ಇನ್ನು ಬಾಗಿಲು ಅಗಲ ಮಾಡಿಸಬೇಕು' ಅಂತ. ಎಷ್ಟು ನಕ್ಕಿರಿ ನೀವು! ಚಪ್ಪಾಳೆ ಬೇರೆ. ಅವಳು ಅಲ್ಲೇ, ಮೂರನೇ ಸಾಲಿನಲ್ಲಿ ಕೂತಿದ್ದಳು. ಬಾಯಿಗೆ ಸೆರಗು ಹಿಡಿದುಕೊಂಡಳು. ಅವಳೂ ನಗುತ್ತಿದ್ದಾಳೆ ಅಂದುಕೊಂಡೆ.

ಹೋದ ತಿಂಗಳು ಇದೇ ಸಭಾಂಗಣದ ಜಗಲಿಯಲ್ಲಿ ಡಾಕ್ಟರ್ ಶುಭಾ ಅವರು ಉಚಿತ ತಪಾಸಣೆ ನಡೆಸಿದರು. ನಾನು ಎದೆಯುಬ್ಬಿಸಿಕೊಂಡು ತಕ್ಕಡಿ ಹತ್ತಿದೆ, ಎಲ್ಲರಿಗೂ ಕೇಳಿಸುವಂತೆ 'ಎಪ್ಪತ್ತಾರು' ಎಂದು ನಾನೇ ಕೂಗಿದೆ. ಆಮೇಲೆ ಚಲುವಮ್ಮ ಹತ್ತಿದಳು. ಮೂರು ವರ್ಷದ ಹಿಂದಿನ ಶಿಬಿರದ ಚೀಟಿಯಲ್ಲಿ ಐವತ್ತೆಂಟು ಇದ್ದದ್ದು ಈಗ ಎಪ್ಪತ್ತೊಂದು. ಸಕ್ಕರೆ ಇನ್ನೂರ ನಲವತ್ತು. ಡಾಕ್ಟರು ಮೃದುವಾಗಿ ಕೇಳಿದರು: 'ಏನಮ್ಮಾ ಊಟ ಮಾಡ್ತೀರಿ? ಯಜಮಾನ್ರು ನೋಡಿ, ಎಷ್ಟು ಇಳಿಸಿದ್ದಾರೆ.'

ಅವಳು ಹೇಳಿದಳು: 'ಅವ್ರು ಉಣ್ದೆ ಬುಟ್ಟಿದ್ನ ತಿಂತೀನಿ ಕಣವ್ವ. ಅವ್ರು ಇಳ್ಸಿದ್ದು ಎಲ್ಲೂ ಓಗಿಲ್ಲ, ನಮ್ಮನೇಲೇ ಅದೆ.'

ಸಾಲಿನಲ್ಲಿ ನಿಂತಿದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆಟೋದಲ್ಲಿ ಕೂತ ಕೂಡಲೇ 'ಜನದ ಮುಂದೆ ಮರ್ಯಾದೆ ತೆಗೆದ್ಯಲ್ಲ' ಎಂದು ರೇಗಿದೆ. ಅವಳು ನನ್ನ ಕಡೆ ತಿರುಗದೆ ಕೇಳಿದಳು: 'ಓದ್ ವರ್ಸ ನೀವು ಮೈಕಲ್ಲಿ ಏಳ್ದಾಗ, ನಂಗೇನು ಮರ್ಯಾದೆ ಇರ್ನಿಲ್ವಾ?'

ಮನೆಗೆ ಬಂದಮೇಲೂ ಸಿಡುಕುತ್ತಲೇ ಕೇಳಿದೆ: 'ಅಲ್ಲ ಕಣಮ್ಮಿ, ನಾನು ಉಣ್ಣೋದು ಅರ್ಧ ಮುದ್ದೆ. ಅಳತೆ ಇಳಿಸ್ಬೇಕು ತಾನೆ?'

'ಇಳ್ಸಿದ್ದೆ' ಎಂದಳು. 'ಎಲ್ಡೇ ದಿನ. ಮೂರ್ನೇ ದಿನ ಇನ್ನೊಂದು ಮುದ್ದೆ ಇಕ್ಕು ಅಂದ್ರಿ. ಇಲ್ಲ ಅಂದೆ. ಗಂಡಸು ಉಣ್ಣೋ ಮನೇಲಿ ಮುದ್ದೆಗೆ ಬರ ಬಂದದಾ ಅಂತ ತಟ್ಟೆ ಒದ್ದೋದ್ರಿ.'

ಸಭಿಕರೇ, ಆ ತಟ್ಟೆ ಒದ್ದದ್ದು ನನಗೆ ನೆನಪೇ ಇರಲಿಲ್ಲ. ಅವಳಿಗೆ ಇತ್ತು. ಅಂದಿನಿಂದ ಮೂರು ವರ್ಷ, ನಾನು ಎಲ್ಲಿ ಕೇಳಿಬಿಡುತ್ತೇನೋ ಎಂದು, ಅವಳು ಹಳೆಯ ಅಳತೆಗೇ ಎಸರು ಇಟ್ಟಳು. ನಾನು ಕೇಳಲಿಲ್ಲ. ಅರ್ಧ ಉಂಡು, ಕೈ ತೊಳೆದು, 'ಚೆಲ್ಲಬ್ಯಾಡ ಕಣಮ್ಮಿ, ರಾಗಿ ಬೆಳೆಯೋರ ಮನೆ ನಮ್ದು' ಎಂದು ಉಪದೇಶ ಮಾಡಿ ಎದ್ದೆ. ಕೊಟ್ಟಿಗೆಯಲ್ಲಿ ಹಸು ಇದ್ದಿದ್ದರೆ ಹಸುವಿಗೆ ಹಾಕುತ್ತಿದ್ದಳು. ಹಸುವನ್ನು ನಾನೇ ಮಾರಿಯಾಗಿತ್ತು. ತನ್ನ ಪಾಲು ಉಂಡಮೇಲೆ ನನ್ನ ಪಾಲನ್ನೂ ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದಳು. ಬಿಟ್ಟವನಿಗೆ ಶಾಲು, ತಿಂದವಳಿಗೆ ಸಕ್ಕರೆ ಕಾಯಿಲೆ. ಇದು ನ್ಯಾಯವೇ? ನೀವೇ ಹೇಳಿ.

ನನಗೆ ನಾಚಿಕೆಯಾಗುತ್ತಿದೆ. ಈ ಶಾಲು ಹೊದ್ದುಕೊಂಡು ನಿಂತಿರುವುದಕ್ಕೇ ನಾಚಿಕೆಯಾಗುತ್ತಿದೆ. ಇವತ್ತು ಅವಳನ್ನು ಕರೆದೆ. 'ನಿಮ್ ಪಾಡಿಗೆ ನೀವೋಗಿ. ಆ ಕುರ್ಚಿ ಮೇಲೆ ನಂಗೆ ಇನ್ನೊಂದ್ಸತಿ ಕುಂತ್ಕೊಳಕಾಗಕಿಲ್ಲ' ಎಂದಳು. ನಾನು ಒತ್ತಾಯ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ?

ಹಾದಿ ತಪ್ಪದೆ ಇರುವುದು ಹೇಗೆ ಎಂದು ಕೇಳಿದಿರಿ. ನಾನು ಮೊದಲ ದಿನವೇ ತಪ್ಪಿದ್ದೆ, ಕಾಣಿಸಲಿಲ್ಲ ಅಷ್ಟೆ. ನನ್ನಂತೆ ಊಟ ಕಡಿಮೆ ಮಾಡಿರುವ ಗಂಡಸರು ಇಲ್ಲಿ ನಲವತ್ತು ಜನ ಇದ್ದೀರಿ. ಇವತ್ತು ಮನೆಗೆ ಹೋಗಿ ಒಂದೇ ಒಂದು ನೋಡಿ. ನೀವು ಬಿಟ್ಟದ್ದನ್ನು ಯಾರು ತಿನ್ನುತ್ತಿದ್ದಾರೆ? ಹಿಂದಿನ ಸಾಲಿನಲ್ಲಿ ನಗುತ್ತಿರುವವರೇ, ನಾನು ಈ ಸಲ ಜೋಕು ಹೇಳಲಿಲ್ಲ.

ಇವತ್ತು ಬೆಳಗ್ಗೆ ನಾನು ನಡೆಯಲು ಬರಲಿಲ್ಲ, ನೀವು ಗಮನಿಸಿರಬಹುದು. ಅವಳು ಹೋಗಿದ್ದಳು, ಒಬ್ಬಳೇ. ಮಧ್ಯಾಹ್ನ ಒಲೆ ಮುಂದೆ ನಾನು ನಿಂತೆ. 'ಎಷ್ಟು ಹಿಟ್ಟು?' ಎಂದೆ. 'ಇಬ್ರು ಉಣ್ಣೋಷ್ಟು' ಎಂದಳು. ಅದು ಎಷ್ಟು ಅಂತ ನನಗೆ ಗೊತ್ತಾಗಲಿಲ್ಲ, ಮತ್ತೆ ಕೇಳಬೇಕಾಯಿತು. ಕೋಲು ಹಿಡಿದು ತಿರುವಿದೆ, ಕೈ ಸುಟ್ಟುಕೊಂಡೆ, ಬೇಕಾದರೆ ಈ ಬೆರಳು ನೋಡಿ. ಎರಡು ಸಣ್ಣ ಮುದ್ದೆ ಕಟ್ಟಿದೆ. ಅವಳು ಮುರಿದು ನೋಡಿದಳು, ಒಳಗೆಲ್ಲ ಬರೀ ಹಸಿ ಹಿಟ್ಟು. ಹಾಗೇ ಪೂರ್ತಿ ಉಂಡಳು. ಕೈ ತೊಳೆದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದಳು.

'ಗಂಟು ಗಂಟಾಗ್ಬುಟ್ಟದೆ' ಎಂದಳು. ಆಮೇಲೆ, 'ಮಿಕ್ಕಿಲ್ಲ, ಬುಡಿ' ಎಂದಳು.

ಇದುವರೆಗೆ ನನಗೆ ಸಿಕ್ಕ ಸನ್ಮಾನ ಅದೊಂದೇ. ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಡಾಕ್ಟರಿಗೆ, ನಿಮ್ಮೆಲ್ಲರಿಗೂ ವಂದನೆಗಳು. ಹೊರಗೆ ಊಟ ಇಟ್ಟಿದ್ದಾರೆ, ನಾನು ಉಣ್ಣಲು ನಿಲ್ಲುವುದಿಲ್ಲ. ಮನೆಯಲ್ಲಿ ಎಸರು ಇಡಬೇಕು. ನಮಸ್ಕಾರ.