ಪಂಜರಕ್ಕೆ ಮರಳಿದ ಮರಿಗಳು

ಶ್ರದ್ಧಾಂಜಲಿ ಸಭೆಗೆ ಬಂದ ಹಿರಿಯರಿಗೆ, ಮೇಡಂ ಅವರ ಯಜಮಾನರು ದಿಲೀಪ ಸರ್ ಅವರಿಗೆ, ಮಗಳು ಪ್ರಣಾಲಿ ಅಕ್ಕ ಅವರಿಗೆ, ಮಿರಜ-ಸಾಂಗಲಿಯ ಎಲ್ಲ ಬಂಧುಗಳಿಗೆ ನಮಸ್ಕಾರ.

ನಾನು ಬಸವಪ್ರಸಾದ. ಡಾಕ್ಟರ್ ಶಾಲನ ಮಗದುಮ್ ಮೇಡಂ ಅವರ ಲ್ಯಾಬಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಕೆಲಸಕ್ಕೆ ಸೇರುವ ಮೊದಲೇ ನಾನು ಅವರ ಫ್ಯಾನ್ — ಇಂಥ ಸಭೆಯಲ್ಲಿ ಈ ಮಾತು ಹೇಳಬಹುದೋ ಇಲ್ಲವೋ, ಆದರೆ ನಿಜ. ನಮ್ಮೆಲ್ಲರ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಲ್ಲರೂ ಗುಡ್ ಮಾರ್ನಿಂಗ್ ಹೂವು ಕಳಿಸುವಾಗ ಮೇಡಂ ಇಲಿಯ ಜೀನ್ ಬಗ್ಗೆ ಉದ್ದುದ್ದ ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಅರ್ಧ ಮರಾಠಿ, ಅರ್ಧ ಕನ್ನಡ. ಕುಪವಾಡದ ಬಸ್ಸಿನಲ್ಲಿ ನಿಂತುಕೊಂಡೇ ಕೇಳುತ್ತಿದ್ದೆ.

ಅವರ ಕೆಲಸ ಏನು? ಅವರ ಮಾತಿನಲ್ಲೇ ಹೇಳುತ್ತೇನೆ — "ಮರಿ ಹಾಲು ಬಿಟ್ಟ ಮ್ಯಾಲೆ, ಹಾಲು ಮಾಡೂ ಕೋಶಗೋಳಿಗೆ ಕೆಲಸ ಇರಂಗಿಲ್ಲ. ಅವು ಕೊಳತು ಸಾಯಂಗಿಲ್ಲ ತಮ್ಮಾ. ಹೇಳಿಸಿಕೊಂಡು, ಶಿಸ್ತಿನಿಂದ ಸಾಯ್ತಾವ. ಹೇಳಾವ ಯಾರು? ಜೀನ್."

ಇಲಿಗಳಲ್ಲಿ ಮರಿ ಹಾಲು ಬಿಟ್ಟ ಮೊದಲ ಎರಡು ದಿನ ಇದನ್ನು ತಡೆಯಬಹುದು. ಅಷ್ಟರೊಳಗೆ ಮರಿ ಮರಳಿ ಬಂದರೆ, ಹಾಲು ಮತ್ತೆ ಶುರು. ಆಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. "ಸಾಯಿರಿ" ಎಂದು ಹೇಳುವ ಜೀನ್‌ಗಳಲ್ಲಿ ಸ್ಟ್ಯಾಟ್ ಥ್ರೀ ಮುಖ್ಯ, ಅದು ಜಗತ್ತಿಗೆ ಮೊದಲೇ ಗೊತ್ತಿತ್ತು. ಅದಕ್ಕೆ ಜೊತೆಗಾರ ಇನ್ನೊಂದು ಜೀನ್ ಇದೆ ಎಂದು ಮೇಡಂ ನಂಬಿದ್ದರು. ಆ ಜೀನ್ ಇಲ್ಲದ ಇಲಿಗಳನ್ನು ತರಿಸಿ, ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ನೋಡಿದೆವು. ಕೋಶಗಳು ಸತ್ತೇ ಇರಲಿಲ್ಲ! ಲ್ಯಾಬಿನಲ್ಲಿ ಪೇಢೆ ಹಂಚಿದೆವು. ಜರ್ನಲ್‌ಗೆ ಪೇಪರ್ ಕಳಿಸಿದೆವು. ನಾನಂತೂ ಸುದ್ದಿಯನ್ನು ಇದ್ದಬದ್ದ ಗ್ರೂಪಿಗೆಲ್ಲ ಫಾರ್ವರ್ಡ್ ಮಾಡಿದೆ.

ಆಮೇಲೆ ಕ್ಷಮಾವಾಣಿ ಬಂತು. ಜೈನ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ — ಪರ್ಯುಷಣ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಗ್ರೂಪಿನಲ್ಲಿ ಅವತ್ತು ಬೆಳಗಿನಿಂದ ಸಂಜೆತನಕ ಕೈಮುಗಿದ ಒಂದೇ ಚಿತ್ರ ಬರುತ್ತಿರುತ್ತದೆ. ಆದರೆ ನಮ್ಮ ಜಿನೇಂದ್ರಕಾಕಾ — ಮ್ಹೈಸಾಳದವರು, ಇಲಿಗಳನ್ನು ನೋಡಿಕೊಳ್ಳುವವರು — ಮೇಡಂ ಟೇಬಲ್ಲಿಗೇ ಬಂದರು.

"ಮೇಡಂ, ಕ್ಷಮಾ ಮಾಡ್ರಿ."

"ನೀವೂ ಮಾಡ್ರಿ ಕಾಕಾ," ಎಂದರು ಮೇಡಂ, ತಲೆ ಎತ್ತದೆ.

"ಹಂಗಲ್ರಿ. ನಂದು ಖರೇನ ತಪ್ಪ ಐತಿ."

ಮೇಡಂ ತಲೆ ಎತ್ತಿದರು.

"ಮರಿ ಚೀರತಿದ್ದೂರಿ. ತಾಯಿ ಪಂಜರ ಕೆರೀತಿತ್ತು. ನನ್ನ ಕೈಲೆ ನೋಡಾಕ ಆಗಲಿಲ್ಲ. ದಿನಾ ಸಂಜೀಕ ಒಳಗ ಬಿಟ್ಟು, ಮುಂಜಾನೆ ನೀವು ಬರೂದ್ರಾಗ ತಗದೇನಿ."

"ಯಾವ ಪಂಜರ?"

"ಕಿಡಕಿ ಕಡಿ ಇದ್ದೂವಲ್ರಿ, ಅವಷ್ಟೂ."

ಜೀನ್ ಇಲ್ಲದ ಇಲಿಗಳು ಇದ್ದದ್ದು ಅಲ್ಲೇ. ಉಳಿದವು ಬೇರೆ ಕೋಣೆಯಲ್ಲಿ, ಬೇರೆಯವರ ಕೈಯಲ್ಲಿ. ಅಂದರೆ — ಕೋಶಗಳು ಬದುಕಿದ್ದು ಜೀನ್ ಇಲ್ಲ ಅಂತ ಅಲ್ಲ. ಮರಿಗಳು ದಿನಾ ಬಂದು ಹಾಲು ಕುಡಿದಿದ್ದವು!

ನಮ್ಮ ಸೀನಿಯರ್ ಅರಿಹಂತ ಮೆಲ್ಲಗೆ ಹೇಳಿದ, "ಯಾರಿಗೂ ಗೊತ್ತಿಲ್ರಿ ಮೇಡಂ. ಪೇಪರ್ ಹೋಗೇತಿ."

"ನನಗ ಗೊತ್ತಾತಲ್ಲ," ಎಂದರು ಮೇಡಂ. ಆಮೇಲೆ ಕಾಕಾ ಕಡೆ ತಿರುಗಿ, "ಕ್ಷಮಾ ಮಾಡೇನಿ. ಮತ್ತ ಮೊದಲಿಂದ ಶುರು ಮಾಡೂಣು. ಪಂಜರ ನೀವ ನೋಡಬೇಕು. ಈ ಸಲ ಮರಿಗೋಳನ್ನ ಹಾಲಿರೂ ಬ್ಯಾರೆ ತಾಯಿ ಕಡೆ ಬಿಡೂಣು, ಅವ್ಯಾಕ ಉಪಾಸ ಬೀಳಬೇಕು?"

ಪೇಪರ್ ಅವತ್ತೇ ವಾಪಸು ತರಿಸಿದರು.

ಮೇಡಂ ತೀರಿಕೊಂಡ ಮೇಲೆ ನಮ್ಮ ಗ್ರೂಪಿನಲ್ಲಿ ಬಂದ ಮಾತುಗಳನ್ನು ನೀವೂ ಓದಿದ್ದೀರಿ. "ಆ ಮನಷ್ಯಾನಿಂದ ಮೇಡಂ ಹೆಸರು ಹೋತು." "ಅವ ಯಾವ ಮಾರೀಲೆ ಸಭಾಕ್ಕ ಬರ್ತಾನ?" ಅಡ್ಮಿನ್ ಅಳಿಸಿದರು. ಅಳಿಸುವ ಮೊದಲೇ ಕಾಕಾ ಓದಿದ್ದರು.

ಎರಡನೆಯ ಸಲದ ಫಲಿತಾಂಶ ಈ ವಾರ ಬಂದಿದೆ. ಮೇಡಂ ನೋಡಲಿಲ್ಲ. ಅವರ ಪರವಾಗಿ ನಿಮಗೆ ಹೇಳುತ್ತೇನೆ — ಆ ಜೀನ್ ಇದ್ದ ಇಲಿ, ಇಲ್ಲದ ಇಲಿ, ಎರಡರಲ್ಲೂ ಕೋಶಗಳು ಒಂದೇ ರೀತಿ, ಹೊತ್ತಿಗೆ ಸರಿಯಾಗಿ ಸತ್ತಿವೆ. ನಮ್ಮ ಮೇಡಂ ಊಹೆ ತಪ್ಪಾಗಿತ್ತು.

ಇದನ್ನು ಈ ಸಭೆಯಲ್ಲಿ ಹೇಳುವುದು ಬೇಡ ಎಂದು ಕೆಲವರು ನನಗೆ ಹೇಳಿದರು. ಅದಕ್ಕೆ ಬೆಳಿಗ್ಗೆ ಹರಿಪುರದ ಮನೆಗೆ ಹೋಗಿ ದಿಲೀಪ ಸರ್ ಅವರನ್ನೇ ಕೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು — "ಅಂದ್ರ, ಆ ಪೇಪರ್ ಛಾಪಾಗಿದ್ರ?"

"ಮೇಡಂ ಹೆಸರಿನ್ಯಾಗ ಸುಳ್ಳು ಉಳೀತಿತ್ತರಿ ಸರ್."

"ಹಂಗಾರ ಸಭಾದಾಗ ಜಿನೇಂದ್ರನ್ನ ನನ್ನ ಬಾಜೂಕ ಕುಂದರಸ್ರಿ," ಎಂದರು ಸರ್.

ಮುಂದಿನ ಸಾಲಿನಲ್ಲಿ ಸರ್ ಪಕ್ಕದ ಆ ಖುರ್ಚಿ ಇನ್ನೂ ಖಾಲಿ ಇದೆ. ಜಿನೇಂದ್ರಕಾಕಾ — ಹೊರಗ ಚಪ್ಪಲಿ ಕಡೆ ನಿಂದ್ರಬ್ಯಾಡ್ರಿ. ಒಳಗ ಬರ್ರಿ. ದಾರಿ ಬಿಡ್ರಿ ಸ್ವಲ್ಪ… ಹಾಂ, ಬರ್ರಿ ಕಾಕಾ.

ಅವರು ಬಂದು ಸರ್ ಪಕ್ಕ ನಿಲ್ಲಲಿ. ಆಮೇಲೆ ನಾವೆಲ್ಲರೂ ಎದ್ದು, ಮೇಡಂ ಅವರನ್ನು ನೆನೆದು, ಎರಡು ನಿಮಿಷ ಮೌನವಾಗಿರೋಣ.